ಮಲಾವಿಯ ಹೊಲದಲ್ಲಿ ಮಳೆಗೆ ಮುಂಚಿನ ದಿನಗಳು



ನಮ್ಮಲ್ಲಿ ದೀಪಾವಳಿ ಕಳೆದು ರಾಗಿ ಕಟಾವಿಗೆ ಕುಡುಗೋಲು ಹುಡುಕುವ ಹೊತ್ತಿನಲ್ಲಿ, ಸಮುದ್ರದಾಚೆ ಆಫ್ರಿಕಾದ ಮಲಾವಿ ದೇಶದ ಹೆಂಗಸರು ಆಕಾಶ ನೋಡ್ತಾ ಇರ್ತಾರೆ. ಮಳೆ ಇನ್ನೂ ಬಂದಿಲ್ಲ. ಕಳೆದ ವರ್ಷದ ಜೋಳ ಮುಗೀತಾ ಬಂದಿದೆ. ಹೊಲದ ಕೆಲಸ ಮಾತ್ರ ಕುತ್ತಿಗೆ ಮಟ್ಟ ಇದೆ. ಈ ತಿಂಗಳ ಪಾಠದಲ್ಲಿ ಆ ಹೆಂಗಸರ ದಿನ ಹೇಗೆ ಸಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಅವರೂ ನಮ್ಮ ಹಾಗೆ ಗುಂಪು ಕಟ್ಟಿಕೊಂಡು ಉಳಿತಾಯ ಮಾಡುವವರು. ಸಾಲದ ಹಣ ಎಷ್ಟು ಎನ್ನುವುದಕ್ಕಿಂತ ಅದು ಯಾವ ವಾರದಲ್ಲಿ ಕೈಗೆ ಬರುತ್ತೆ ಎನ್ನುವುದು ಒಂದು ಮನೆಯ ಇಡೀ ವರ್ಷವನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಮಲಾವಿ ನಮ್ಮ ಕರ್ನಾಟಕಕ್ಕಿಂತ ಚಿಕ್ಕ ದೇಶ. ಉದ್ದಕ್ಕೆ, ಕಿರಿದಾಗಿ, ಒಂದು ದೊಡ್ಡ ಸರೋವರದ ಪಕ್ಕ ಮಲಗಿಕೊಂಡಿದೆ. ನಮ್ಮ ಹಾಗೆಯೇ ಇಂಗ್ಲಿಷರ ಕೈಯಲ್ಲಿದ್ದು 1964ರಲ್ಲಿ ಸ್ವತಂತ್ರವಾಯಿತು. ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಕಾಲಗಳು ನಮಗೆ ತಿರುಗುಮುರುಗು. ಜೂನ್, ಜುಲೈ ಚಳಿಗಾಲ. ಅಕ್ಟೋಬರ್ ಎಂದರೆ ಉರಿಬಿಸಿಲು. ನವೆಂಬರ್ ಮಧ್ಯದಿಂದ ಡಿಸೆಂಬರ್ ಒಳಗೆ ಮಳೆ ಹಿಡಿದು ಮಾರ್ಚ್, ಏಪ್ರಿಲ್ ತನಕ ಇರುತ್ತದೆ. ಹೆಚ್ಚಿನ ಮನೆಗಳಿಗೆ ನೀರಾವರಿ ಇಲ್ಲ, ವರ್ಷಕ್ಕೆ ಒಂದೇ ಬೆಳೆ. ಹೊಲವೂ ಚಿಕ್ಕದೇ. ಬಹಳಷ್ಟು ಕುಟುಂಬಗಳಿಗೆ ಇರುವುದು ಒಂದು ಹೆಕ್ಟೇರಿಗೂ ಕಡಿಮೆ, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆಯೂ ಇಲ್ಲ.

ಒಂದು ವಿಷಯ ಕೇಳಿದರೆ ನಮ್ಮ ಕರಾವಳಿಯ ಸದಸ್ಯರಿಗೆ ಗುರುತಿನ ಮಾತು ಅನ್ನಿಸಬಹುದು. ಮಲಾವಿಯ ದಕ್ಷಿಣ ಮತ್ತು ಮಧ್ಯ ಭಾಗದಲ್ಲಿ ಹೊಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ನೆಲೆಸುವ ಪದ್ಧತಿಯೂ ಇದೆ. ನಮ್ಮ ಅಳಿಯ ಸಂತಾನದ ಹಾಗೆಯೇ ಅನ್ನಿ. (ಉತ್ತರದ ಭಾಗದಲ್ಲಿ ಗಂಡುಮಕ್ಕಳಿಗೆ ಹೋಗುತ್ತದೆ.) ಹೊಲ ಹೆಂಗಸಿನದು ಅಂದ ಮಾತ್ರಕ್ಕೆ ಬೆಳೆ ಮಾರಿದ ದುಡ್ಡೂ ಅವಳ ಸೆರಗಿನ ಗಂಟಿಗೆ ಬರುತ್ತೆ ಅಂತ ತಿಳಿಯಬೇಡಿ. ಆ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಬಹಳ ವ್ಯತ್ಯಾಸ ಇಲ್ಲ.

ಬೆಳಗಿನ ಜಾವದಿಂದ ಸಂಜೆ ತನಕ

ಅಕ್ಟೋಬರ್, ನವೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿಯುತ್ತದೆ. ಹೆಂಗಸರು ಅದಕ್ಕೂ ಮೊದಲೇ ಎದ್ದು ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಡುತ್ತಾರೆ. ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಮಗು. ಬಿಸಿಲು ಏರುವುದರೊಳಗೆ ನಾಲ್ಕೈದು ಗಂಟೆ ಕೆಲಸ ಆಗಬೇಕು. ಎತ್ತು, ನೇಗಿಲು ಇರುವ ಮನೆಗಳು ಕಡಿಮೆ. ಇಡೀ ಹೊಲವನ್ನು ಗುದ್ದಲಿಯಲ್ಲೇ ಎಬ್ಬಿಸಬೇಕು.

ಅದೂ ಸುಮ್ಮನೆ ಅಗೆಯುವುದಲ್ಲ, ಬೋದು ಏರಿಸುವುದು. ನಾವು ಗೆಣಸಿನ ಬಳ್ಳಿ ನೆಡಲಿಕ್ಕೆ ಮಣ್ಣು ಏರಿಸಿ ಸಾಲು ಮಾಡ್ತೇವಲ್ಲ, ಹಾಗೆ ಇಡೀ ಹೊಲದಲ್ಲಿ ಸಾಲು ಸಾಲಾಗಿ ಮಾಡುತ್ತಾರೆ. ಕಳೆದ ವರ್ಷದ ಬೋದನ್ನು ಮಧ್ಯಕ್ಕೆ ಸೀಳಿ ಎರಡೂ ಕಡೆಯ ಮಣ್ಣನ್ನು ಪಕ್ಕದ ತಗ್ಗಿಗೆ ಎಳೆಯುತ್ತಾರೆ. ಹಿಂದಿನ ವರ್ಷದ ತಗ್ಗು ಈ ವರ್ಷದ ಬೋದು ಆಗುತ್ತದೆ. ಹಳೆಯ ಜೋಳದ ದಂಟನ್ನು ಕೆಲವರು ಅದರೊಳಗೆ ಹೂತು ಗೊಬ್ಬರ ಮಾಡುತ್ತಾರೆ, ಕೆಲವರು ಸುಟ್ಟುಬಿಡುತ್ತಾರೆ. ಸುಡಬೇಡಿ ಎಂದು ಕೃಷಿ ಇಲಾಖೆಯವರು ಹೇಳ್ತಾನೇ ಇರ್ತಾರೆ. ಬೋದು ಕಟ್ಟುವುದನ್ನು ಮಣ್ಣು ಕೊಚ್ಚಿ ಹೋಗಬಾರದು ಎಂಬ ಕಾರಣ ಕೊಟ್ಟು ಇಂಗ್ಲಿಷರ ಕಾಲದಲ್ಲಿ ಬಲವಂತದಿಂದ ಮಾಡಿಸಿದ್ದರು, ಮಾಡದವರಿಗೆ ದಂಡ ಹಾಕುತ್ತಿದ್ದರು. ಆಗ ಜನ ಅದಕ್ಕೆ ತಿರುಗಿ ಬಿದ್ದರು. ಈಗ ಯಾರೂ ಹೇಳದಿದ್ದರೂ ಅದೇ ಊರಿನ ಪದ್ಧತಿ ಆಗಿಹೋಗಿದೆ.

ಒಣಗಿ ಕಲ್ಲಾದ ನೆಲ. ಮಳೆ ಬಂದ ಮೇಲೆ ಅಗೆಯೋಣ ಅಂದರೆ ಆಗುವುದಿಲ್ಲ. ಮಳೆ ಬಿದ್ದ ಕೂಡಲೇ ಬೀಜ ಮಣ್ಣಿಗೆ ಹೋಗಬೇಕು. ತಡವಾದಷ್ಟೂ ಇಳುವರಿ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಮಳೆಗೆ ಮುಂಚೆಯೇ ಪ್ರತಿಯೊಂದು ಬೋದೂ ಸಿದ್ಧ ಇರಬೇಕು.

ಹೊಲದಿಂದ ಬಂದ ಮೇಲೆ ನೀರಿನ ಕೆಲಸ. ಈ ತಿಂಗಳುಗಳಲ್ಲಿ ತೆರೆದ ಬಾವಿಗಳು ಬತ್ತಿರುತ್ತವೆ. ಊರಿಗೆ ಒಂದೋ ಎರಡೋ ಕೈಪಂಪು, ಅದರ ಮುಂದೆ ಬಿಂದಿಗೆ, ಬಕೆಟ್ಟುಗಳ ಸಾಲು. ಅಲ್ಲಿ ಬಳಸುವ ಆಫ್ರಿದೇವ್ ಎಂಬ ಪಂಪಿನ ಮೂಲ ಮಾದರಿ ಮಲಾವಿಯಲ್ಲೇ ಹುಟ್ಟಿದ್ದು. ಇವತ್ತು ಅಂಥ ಪಂಪುಗಳು ನಮ್ಮ ದೇಶದಲ್ಲೂ ತಯಾರಾಗಿ ಆಫ್ರಿಕಾಕ್ಕೆ ಹೋಗುತ್ತವೆ. ಪಂಪು ಎಲ್ಲಿಯದಾದರೂ ಸಾಲಿನಲ್ಲಿ ನಿಲ್ಲುವವರು ಹೆಂಗಸರು ಮತ್ತು ಹೆಣ್ಣುಮಕ್ಕಳು. 1994ರಿಂದ ಅಲ್ಲಿ ಪ್ರಾಥಮಿಕ ಶಾಲೆಗೆ ಫೀಸು ಇಲ್ಲ, ಆದರೂ ನೀರಿನ ಸಾಲಿನಲ್ಲಿ ನಿಂತ ಹುಡುಗಿಗೆ ಮೊದಲನೇ ಗಂಟೆ ತಪ್ಪಿಹೋಗುತ್ತದೆ.

ಆಮೇಲೆ ಸೌದೆ. ಆಮೇಲೆ ಜೋಳ ಬಿಡಿಸಿ, ಕುಟ್ಟಿ, ಗಿರಣಿಗೆ ಹೊತ್ತುಕೊಂಡು ಹೋಗುವುದು. ನಾವು ಜೋಳ ಅಂತ ಬರೆಯುತ್ತಾ ಇರುವುದು ಮುಸುಕಿನ ಜೋಳವನ್ನು. ಅದು ಅಲ್ಲಿಯವರ ಅನ್ನ. ಅದರ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವಿ ಮಾಡುವ ಅಡುಗೆಗೆ ನ್ಸಿಮಾ ಎನ್ನುತ್ತಾರೆ. ನಮ್ಮ ಮುದ್ದೆಯ ತಂಗಿ ಅಂದುಕೊಳ್ಳಿ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಕಾಳಿನ ಸಾರಿಗೋ ಅದ್ದಿ ತಿನ್ನುತ್ತಾರೆ. ನ್ಸಿಮಾ ತಿನ್ನದ ದಿನ, ಬೇರೆ ಏನೇ ತಿಂದಿದ್ದರೂ, ಊಟ ಮಾಡಲಿಲ್ಲ ಅಂತಲೇ ಹೇಳುವುದು. ಮುದ್ದೆ ಉಣ್ಣುವ ಸೀಮೆಯವರಿಗೆ ಇದು ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಸಿ ಸೊಪ್ಪು ಸಿಗದ ಕಾರಣ ಮಳೆಗಾಲದಲ್ಲೇ ಕುಂಬಳದ ಎಲೆ, ಅಲಸಂದೆಯ ಎಲೆಗಳನ್ನು ಬೇಯಿಸಿ ಒಣಗಿಸಿ ಇಟ್ಟುಕೊಂಡಿರುತ್ತಾರೆ. ಈಗ ಅದನ್ನೇ ನೆನೆಸಿ, ಶೇಂಗಾ ಪುಡಿ ಹಾಕಿ ಬೇಯಿಸುವುದು.

ಮಧ್ಯಾಹ್ನದ ಬಿಸಿಲಿಗೆ ಹೊರಗೆ ನಿಲ್ಲಲಿಕ್ಕಾಗದು. ಮಾವಿನ ಮರದ ನೆರಳೇ ಗತಿ. ಗುಂಪಿನ ಸಭೆ ನಡೆಯುವುದೂ ಆ ನೆರಳಿನಲ್ಲೇ, ಇಲ್ಲವೇ ಯಾರದಾದರೂ ಮನೆಯ ಜಗುಲಿಯಲ್ಲಿ.

ಖಾಲಿಯಾಗುವ ಕಣಜ

ಏಪ್ರಿಲ್, ಮೇ ತಿಂಗಳಲ್ಲಿ ಕಟಾವಾದ ಜೋಳವನ್ನು ಹಿಂದೆ ಅಂಗಳದಲ್ಲಿ ಬಿದಿರಿನ ಅಥವಾ ಕಡ್ಡಿಯ ಕಣಜ ಮಾಡಿ ತುಂಬುತ್ತಿದ್ದರು. ಈಗ ಕಳ್ಳರ ಭಯಕ್ಕೆ ಚೀಲಕ್ಕೆ ತುಂಬಿ ಮನೆಯೊಳಗೆ ಇಡುವವರೇ ಜಾಸ್ತಿ. ಎರಡೆಕರೆಗೂ ಕಡಿಮೆ ಹೊಲದ ಜೋಳ ಒಂದು ಸಂಸಾರಕ್ಕೆ ವರ್ಷವಿಡೀ ಬರುವುದಿಲ್ಲ. ಕಟಾವಿನ ಕಾಲದಲ್ಲಿ ಸಾಲ ತೀರಿಸಲು, ಬಟ್ಟೆಗೆ, ಮಕ್ಕಳ ಓದಿನ ಖರ್ಚಿಗೆ ಸ್ವಲ್ಪ ಮಾರಿರುತ್ತಾರೆ. ಆಗ ಎಲ್ಲರೂ ಮಾರುವುದರಿಂದ ಬೆಲೆ ಕೆಳಗೆ. ಜನವರಿ, ಫೆಬ್ರವರಿಯಲ್ಲಿ ಎಲ್ಲರೂ ಕೊಳ್ಳುವುದರಿಂದ ಬೆಲೆ ಮೇಲೆ. ಕಟಾವಿನ ಬೆಲೆಯ ಎರಡು ಪಟ್ಟಾಗುವುದು ಅಲ್ಲಿ ಹೊಸದಲ್ಲ. ತಾನೇ ಮಾರಿದ ಜೋಳವನ್ನು ದುಪ್ಪಟ್ಟು ಕೊಟ್ಟು ತಾನೇ ವಾಪಸ್ ಕೊಂಡುಕೊಳ್ಳುವ ಸ್ಥಿತಿ.

ಡಿಸೆಂಬರಿನಿಂದ ಮಾರ್ಚ್ ತನಕ ಅಲ್ಲಿ ಹಸಿವಿನ ಕಾಲ. ಬಡ ಮನೆಗಳಲ್ಲಿ ಅದು ಅಕ್ಟೋಬರಿನಲ್ಲೇ ಶುರು. ಮೊದಲು ಮೂರು ಹೊತ್ತು ಎರಡಾಗುತ್ತದೆ, ಆಮೇಲೆ ಒಂದು. ಹಿಟ್ಟಿಗೆ ತೌಡು ಬೆರೆಸುತ್ತಾರೆ. ಮಾವಿನ ಹಣ್ಣು ಆ ಹೊತ್ತಿಗೇ ಬರುವುದರಿಂದ ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸುವುದು ಅದೇ. ಹಣ್ಣಾಗುವ ತನಕ ಕಾಯಲಾರದೆ ಕಾಯಿಯನ್ನೇ ಬೇಯಿಸಿ ತಿಂದ ವರ್ಷಗಳೂ ಇವೆ. 2002ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹಸಿವಿನಿಂದ ಜನ ಸತ್ತರು. 2023ರ ಮಾರ್ಚಿನಲ್ಲಿ ಕಟಾವಿಗೆ ಸ್ವಲ್ಪ ಮುಂಚೆ ಫ್ರೆಡ್ಡಿ ಎಂಬ ಚಂಡಮಾರುತ ದಕ್ಷಿಣದ ಹೊಲಗಳನ್ನು ತೊಳೆದುಕೊಂಡು ಹೋಯಿತು, ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷವೇ ಬರ. 2024ರ ಮಾರ್ಚಿನಲ್ಲಿ ದೇಶದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತಿನ ಸ್ಥಿತಿ ಎಂದು ಸರ್ಕಾರ ಸಾರಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಯಲ್ಲಿ ಹಿಟ್ಟು ಮುಗಿದಾಗ ಹೆಂಗಸು ಏನು ಮಾಡ್ತಾಳೆ? ಕೂಲಿಗೆ ಹೋಗ್ತಾಳೆ. ಅಲ್ಲಿ ಅದಕ್ಕೆ ಗಾನ್ಯು ಎನ್ನುತ್ತಾರೆ. ಇಷ್ಟು ಬೋದು ಏರಿಸಿದರೆ ಇಷ್ಟು ದುಡ್ಡು ಅಥವಾ ಇಷ್ಟು ಜೋಳ ಎಂದು ಗುತ್ತಿಗೆ. ಸ್ಥಿತಿವಂತ ನೆರೆಯವರ ಹೊಲವೋ, ಹೊಗೆಸೊಪ್ಪಿನ ತೋಟವೋ, ಥ್ಯೋಲೋ, ಮುಲಾಂಜೆ ಕಡೆಯಾದರೆ ಟೀ ತೋಟವೋ. ಕೆಟ್ಟ ವರ್ಷದಲ್ಲಿ ಕೂಲಿ ಕೇಳಿಕೊಂಡು ಬರುವವರು ಹೆಚ್ಚಾಗಿ ಕೂಲಿಯೂ ಇಳಿಯುತ್ತದೆ.

ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಕೂಲಿಯ ಕೆಲಸ ಸಿಗುವುದು ಯಾವಾಗ? ಬೋದು ಏರಿಸುವಾಗ, ಬಿತ್ತುವಾಗ, ಕಳೆ ತೆಗೆಯುವಾಗ. ಅವಳ ಸ್ವಂತ ಹೊಲಕ್ಕೆ ಅವಳು ಬೇಕಾಗಿರುವುದೂ ಆ ದಿನಗಳಲ್ಲೇ. ಇವತ್ತಿನ ಹಿಟ್ಟಿಗಾಗಿ ಅವಳು ಬೇರೆಯವರ ಬೋದು ಏರಿಸಿ ಬಂದಾಗ ಅವಳ ಹೊಲ ಹಾಗೇ ಬಿದ್ದಿರುತ್ತದೆ. ಬಿತ್ತನೆ ಎರಡು ವಾರ ತಡ. ಕಳೆ ತೆಗೆಯುವುದೂ ತಡ. ಬೆಳೆ ಅರ್ಧ. ಅರ್ಧ ಬೆಳೆ ಬಂದ ಮನೆಯ ಕಣಜ ಮುಂದಿನ ವರ್ಷ ಇನ್ನೂ ಬೇಗ ಖಾಲಿ. ಆಗ ಇನ್ನೂ ಬೇಗ ಕೂಲಿಗೆ ಹೋಗಬೇಕು. ಇದನ್ನು ಸೋಮಾರಿತನ ಅಂತ ಯಾರೂ ಹೇಳುವ ಹಾಗಿಲ್ಲ. ಅವಳು ಎಲ್ಲರಿಗಿಂತ ಹೆಚ್ಚು ದುಡಿದಿರುತ್ತಾಳೆ, ಆದರೆ ದುಡಿಮೆ ಬಿದ್ದ ಹೊಲ ಬೇರೆಯವರದ್ದು.

ಕೂಲಿ ಬೇಡ ಅಂದರೆ ಇನ್ನೊಂದು ದಾರಿ ಕಟಾಪಿಲಾ, ಅಂದರೆ ಬಡ್ಡಿಯವನ ಕೈಸಾಲ. ಹಸಿವಿನ ಕಾಲದಲ್ಲಿ ಒಂದು ಚೀಲ ಜೋಳ ತಂದರೆ ಕಟಾವಿನಲ್ಲಿ ಎರಡು ಚೀಲ ಅಳೆದು ಕೊಡಬೇಕು. ನಮ್ಮ ಮೀಟರ್ ಬಡ್ಡಿ ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ತೌಡು ತಿನ್ನುವುದೋ, ಗೊಬ್ಬರಕ್ಕೆ ಹಾಕುವುದೋ

ಮಳೆಗೆ ಮುಂಚಿನ ಇನ್ನೊಂದು ಕೆಲಸ ಗೊಬ್ಬರ. ಸರ್ಕಾರ 2005ರಿಂದ ಬಡ ರೈತರಿಗೆ ಕೂಪನ್ ಮೇಲೆ ಕಡಿಮೆ ದರದ ರಸಗೊಬ್ಬರ, ಬೀಜ ಕೊಡುವ ಯೋಜನೆ ತಂದಿತು. ಹೆಸರು, ನಿಯಮ ಆಮೇಲೆ ಬದಲಾಗಿವೆ. ಎಲ್ಲರಿಗೂ ಅದು ಸಿಗುವುದಿಲ್ಲ, ಸಿಕ್ಕರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅದಕ್ಕೆ ಎಂಬೆಯಾ ಎನ್ನುವ ಮನೆಗೊಬ್ಬರ ಅಲ್ಲಿ ಹೆಸರಾಗಿದೆ. ಆಡು, ಕೋಳಿ, ಹಂದಿಯ ಗೊಬ್ಬರ, ಜೋಳದ ತೌಡು, ಒಲೆಯ ಬೂದಿ ಇವುಗಳ ಜೊತೆ ಸ್ವಲ್ಪವೇ ರಸಗೊಬ್ಬರ ಬೆರೆಸಿ, ನೀರು ಚಿಮುಕಿಸಿ, ಗಾಳಿ ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ವಾರ ಇಡುತ್ತಾರೆ. ಒಂದು ಪುಟ್ಟ ಚೀಲದ ರಸಗೊಬ್ಬರ ಹೀಗೆ ಹಲವು ಪಟ್ಟು ಹೊಲಕ್ಕೆ ಬರುತ್ತದೆ. ಖರ್ಚು ಕಡಿಮೆ, ಮಣ್ಣಿಗೂ ಒಳ್ಳೆಯದು.

ಆದರೆ ತೌಡು ಅಂದೆವಲ್ಲ, ಅದೇ ತೌಡನ್ನು ಹಸಿವಿನ ಮನೆಯಲ್ಲಿ ಹಿಟ್ಟಿಗೆ ಬೆರೆಸುತ್ತಾರೆ. ಮೂರು ವಾರ ಮುಂಚೆ ಗೊಬ್ಬರ ಕಟ್ಟಿಡಲು ತೌಡು ಉಳಿಯುವುದು ಹೊಟ್ಟೆಗೆ ಬೇರೆ ಏನಾದರೂ ಇರುವ ಮನೆಯಲ್ಲಿ ಮಾತ್ರ. ಒಳ್ಳೆಯ ಪದ್ಧತಿಯನ್ನು ಹೇಳಿಕೊಡುವವರು ಈ ಮಾತನ್ನು ಮರೆಯುತ್ತಾರೆ ಅಂತ ನಮಗೆ ಅನ್ನಿಸುತ್ತದೆ.

ಹೊಲದಲ್ಲಿ ಜೋಳ ಒಂದೇ ಅಲ್ಲ. ಅದೇ ಬೋದಿನ ಮೇಲೆ ಕುಂಬಳ, ಅಲಸಂದೆ, ಮತ್ತೆ ನಂಡೋಲೋ. ನಂಡೋಲೋ ಅಂದರೆ ನಮ್ಮ ತೊಗರಿ! ನಾವು ರಾಗಿಯಲ್ಲಿ ಅಕ್ಕಡಿ ಸಾಲು ಹಾಕುವ ಹಾಗೆ ಅವರು ಜೋಳದಲ್ಲಿ ತೊಗರಿ ಹಾಕುತ್ತಾರೆ. ತೊಗರಿ ಹುಟ್ಟಿದ್ದು ನಮ್ಮ ದೇಶದಲ್ಲಿ, ಇಲ್ಲಿಂದ ಅಲ್ಲಿಗೆ ಹೋಯಿತು. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ, ಅಲ್ಲಿಂದ ಇಲ್ಲಿಗೆ ಬಂತು. ಸಾವಿರಾರು ವರ್ಷದ ಹಿಂದಿನ ಕೊಡುಕೊಳ್ಳುವಿಕೆ.

ಈಗಿನ ಕೊಡುಕೊಳ್ಳುವಿಕೆಯೂ ಇದೆ. ಜೋಳ ಕೊಯ್ದ ಮೇಲೂ ತೊಗರಿ ಗಿಡ ಹೊಲದಲ್ಲೇ ನಿಂತಿದ್ದು ಮಳೆಗೆ ಕೆಲವು ವಾರ ಮೊದಲು ಕಾಯಿ ಒಣಗಿ ಕೈಗೆ ಬರುತ್ತದೆ. ಬೀಜ ಕೊಳ್ಳಬೇಕಾದ ಹೊತ್ತಿಗೆ ಹೆಂಗಸರ ಕೈಗೆ ಬರುವ ದುಡ್ಡು ಅದು. ಆ ತೊಗರಿಯಲ್ಲಿ ದೊಡ್ಡ ಪಾಲು ಬರುವುದು ಭಾರತಕ್ಕೆ. 2016-17ರಲ್ಲಿ ನಮ್ಮಲ್ಲಿ ತೊಗರಿ ಭರಪೂರ ಬೆಳೆದು, ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಕಲಬುರಗಿ ರೈತರಿಗೆ ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ. 2017ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಕಲಬುರಗಿಯ ಹೊಲಕ್ಕೆ ಅದು ನ್ಯಾಯವೇ. ಮಲಾವಿಯಲ್ಲಿ ಮಾತ್ರ ತೊಗರಿಯ ಬೆಲೆ ಕುಸಿಯಿತು, ಅದೂ ಬೀಜ ಕೊಳ್ಳುವ ಹೊತ್ತಿನಲ್ಲೇ. 2021ರಲ್ಲಿ ಎರಡು ದೇಶಗಳೂ ಕೂತು, ಐದು ವರ್ಷ ವರ್ಷಕ್ಕೆ 50,000 ಟನ್ ತರಿಸಿಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡವು. ನಮ್ಮ ಸಾರಿನ ಬೇಳೆಗೂ ಅಲ್ಲಿನ ಒಬ್ಬ ತಾಯಿಯ ಬಿತ್ತನೆ ಬೀಜಕ್ಕೂ ಇಷ್ಟು ಹತ್ತಿರದ ಸಂಬಂಧ.

ಮೂರು ಬೀಗದ ಪೆಟ್ಟಿಗೆ

1991ರಲ್ಲಿ ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಕೇರ್ ಎಂಬ ಸಂಸ್ಥೆಯವರು ಹಳ್ಳಿಯ ಹೆಂಗಸರ ಜೊತೆ ಒಂದು ಬಗೆಯ ಉಳಿತಾಯ ಗುಂಪು ಶುರು ಮಾಡಿದರು. ನಬಾರ್ಡ್ ನಮ್ಮಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದ್ದು 1992ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲ, ದಾರಿ ಬೇರೆ ಬೇರೆ. ನೈಜರಿನ ಆ ಪದ್ಧತಿ ಮಲಾವಿಗೂ ಬಂದು ಊರೂರಿಗೆ ಹರಡಿದೆ. ಜನ ಅದಕ್ಕೆ ತಮ್ಮ ಭಾಷೆಯಲ್ಲಿ ಜಗುಲಿ ಬ್ಯಾಂಕು ಎಂಬ ಅರ್ಥದ ಹೆಸರಿಟ್ಟಿದ್ದಾರೆ.

ಗುಂಪಿನಲ್ಲಿ ಹದಿನೈದರಿಂದ ಇಪ್ಪತ್ತೈದು ಜನ. ಪ್ರತಿ ಸಭೆಯಲ್ಲಿ ಒಬ್ಬೊಬ್ಬರು ಒಂದರಿಂದ ಐದು ಷೇರು ಕೊಳ್ಳಬಹುದು, ಕೊಂಡಷ್ಟು ಮುದ್ರೆ ಪಾಸ್ ಪುಸ್ತಕದಲ್ಲಿ ಬೀಳುತ್ತದೆ. ಓದು ಬಾರದವರೂ ಮುದ್ರೆ ಎಣಿಸಿ ತಮ್ಮ ಲೆಕ್ಕ ತಿಳಿಯಬಹುದು. ದುಡ್ಡು ಕಬ್ಬಿಣದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯ ಮನೆಯಲ್ಲಿ. ಎಲ್ಲರೂ ಕೂತಾಗಲೇ ತೆಗೆಯುವುದು, ಎಲ್ಲರ ಕಣ್ಣೆದುರೇ ಎಣಿಸುವುದು. ಕಾಯಿಲೆ, ಸಾವಿನ ಖರ್ಚಿಗೆ ಬೇರೆ ಸಣ್ಣ ನಿಧಿ ಇರುತ್ತದೆ.

ನಮ್ಮ ಸಂಘಗಳಲ್ಲಿ ಉಳಿತಾಯ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗುತ್ತದೆ. ಅಲ್ಲಿ ವರ್ಷದ ಕೊನೆಗೆ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ ಹಂಚಿಕೊಳ್ಳುತ್ತಾರೆ. ಲೆಕ್ಕ ತಿಳಿಯಲಿಕ್ಕೆ ನಮ್ಮ ರೂಪಾಯಿಯಲ್ಲೇ ಹೇಳೋಣ. ಒಂದು ಷೇರಿಗೆ 20 ರೂಪಾಯಿ. ಗುಂಪಿನವರೆಲ್ಲ ಸೇರಿ ವರ್ಷದಲ್ಲಿ ಕೊಂಡದ್ದು 2,000 ಷೇರು, ಅಂದರೆ 40,000 ರೂಪಾಯಿ. ಸಾಲದ ಬಡ್ಡಿ ಸೇರಿ ಪೆಟ್ಟಿಗೆಯಲ್ಲಿ 52,000 ಆಗಿದೆ. ಆಗ ಒಂದು ಷೇರಿಗೆ 26 ರೂಪಾಯಿ. 100 ಷೇರು ಕೊಂಡವಳು ಕಟ್ಟಿದ್ದು 2,000, ಅವಳಿಗೆ ಬರುವುದು 2,600.

ಬಡ್ಡಿ ಅಲ್ಲಿ ಜಾಸ್ತಿ. ನಮ್ಮಲ್ಲಿ ತಿಂಗಳಿಗೆ ನೂರಕ್ಕೆ ಒಂದೋ ಎರಡೋ ಇದ್ದರೆ ಅಲ್ಲಿ ಹತ್ತು ಇಡುವ ಗುಂಪುಗಳೂ ಇವೆ. ನಮ್ಮ ಬಡ್ಡಿ ನಮಗೇ ವಾಪಸ್ ಬರುತ್ತದಲ್ಲ ಅಂತಾರೆ. ಅದು ಪೂರ್ತಿ ಸರಿ ಅಂತ ನಮಗೆ ಕಾಣುವುದಿಲ್ಲ. ಹೆಚ್ಚು ಸಾಲ ತೆಗೆಯುವವಳು ಕಷ್ಟದಲ್ಲಿರುವವಳು, ಹೆಚ್ಚು ಷೇರು ಕೊಳ್ಳುವವಳು ಸ್ವಲ್ಪ ಅನುಕೂಲ ಇರುವವಳು. ಮೊದಲನೆಯವಳ ಬಡ್ಡಿ ಎರಡನೆಯವಳ ಲಾಭ.

ಆದರೆ ಹಂಚಿಕೆಯ ತಿಂಗಳನ್ನು ಆರಿಸುವುದರಲ್ಲಿ ಕೆಲವು ಗುಂಪುಗಳು ತೋರಿಸುವ ಜಾಣತನ ಮೆಚ್ಚುವಂಥದ್ದು. ಕೆಲವರು ಕ್ರಿಸ್ಮಸ್ ಖರ್ಚಿಗೆ ಆಗಲಿ ಅಂತ ಡಿಸೆಂಬರಿನಲ್ಲಿ ಹಂಚುತ್ತಾರೆ. ಹಬ್ಬದ ಸಂತೋಷ ಬೇಡ ಅನ್ನುವವರು ನಾವಲ್ಲ, ಆದರೆ ಅಷ್ಟರಲ್ಲಿ ಬಿತ್ತನೆ ಕಳೆದುಹೋಗಿರುತ್ತದೆ. ಇನ್ನು ಕೆಲವರು ಅಕ್ಟೋಬರ್, ನವೆಂಬರಿನಲ್ಲೇ ಪೆಟ್ಟಿಗೆ ತೆರೆಯುತ್ತಾರೆ. ಆ ಹಣದಲ್ಲಿ ಬೀಜ, ಒಂದು ಚೀಲ ಗೊಬ್ಬರ, ಮತ್ತೆ ಒಂದೆರಡು ಚೀಲ ಜೋಳ ಬರುತ್ತದೆ. ಆ ಜೋಳದ ಚೀಲವೇ ದೊಡ್ಡದು. ಅದು ಮನೆಯಲ್ಲಿ ಇರುವಷ್ಟು ವಾರ ಅವಳು ಬೇರೆಯವರ ಹೊಲಕ್ಕೆ ಹೋಗಬೇಕಾಗಿಲ್ಲ, ತನ್ನ ಹೊಲದಲ್ಲಿ ನಿಂತು ಬಿತ್ತಬಹುದು, ಕಳೆ ತೆಗೆಯಬಹುದು. ಊಟಕ್ಕೆ ತೆಗೆದ ಸಾಲ ಅನುತ್ಪಾದಕ ಸಾಲ ಅಂತ ತರಬೇತಿಗಳಲ್ಲಿ ಹೇಳುವುದುಂಟು. ಬಿತ್ತನೆಯ ವಾರದಲ್ಲಿ ಹೊಟ್ಟೆಗೆ ಹಾಕಿದ ಹಿಟ್ಟು ಬೀಜದಷ್ಟೇ ಹೊಲದ ಖರ್ಚು. ಆ ಮಾತನ್ನು ನಾವು ಒಮ್ಮೆ ತಿರುಗಿ ನೋಡಬೇಕು.

ಕೊನೆಗೆ ಮಳೆ. ಅಕ್ಟೋಬರಿನಲ್ಲೇ ಒಂದೊಂದು ಸಲ ಹನಿ ಬೀಳುವುದುಂಟು. ಅದಕ್ಕೆ ಚಿಜಿಮಾಲುಪ್ಸಾ ಅಂತ ಹೆಸರು, ಸುಟ್ಟ ಹುಲ್ಲುಗಾವಲಿನ ಬೆಂಕಿ ಆರಿಸುವ ಮಳೆ ಎಂದು ಅರ್ಥ. ನಮ್ಮ ಭರಣಿ, ಕೃತ್ತಿಕೆಗಳಂತೆ ಅವರೂ ಮಳೆಗೆ ಹೆಸರಿಟ್ಟು ಗುರುತಿಸುತ್ತಾರೆ. ಆ ಮಳೆಗೆ ಬಿತ್ತಬಾರದು. ಮೊಳಕೆ ಬಂದು, ಮುಂದಿನ ಮಳೆ ಕಾಣದೆ ಒಣಗಿ, ಬೀಜದ ದುಡ್ಡು ಮಣ್ಣುಪಾಲಾಗುತ್ತದೆ. ಬಲ್ಲವರು ಗುದ್ದಲಿಯಿಂದ ಬೋದು ಕೆದಕಿ, ಮಣ್ಣು ಆಳದ ತನಕ ನೆನೆದಿದೆಯೋ ನೋಡಿಯೇ ಬೀಜ ಹಾಕುವುದು. ಎರಡನೇ ಸಲ ಬೀಜ ಕೊಳ್ಳಲು ಹಣವಿಲ್ಲದವಳಿಗೆ ಕಾಯುವುದು ಕಷ್ಟ, ಕಾಯದಿರುವುದು ಇನ್ನೂ ಕಷ್ಟ.

ಸಭೆಯಲ್ಲಿ ಮಾಡಲು

ಮುಂದಿನ ವಾರದ ಸಭೆಯಲ್ಲಿ ದೊಡ್ಡ ಹಾಳೆಯ ಮೇಲೆ ಹನ್ನೆರಡು ತಿಂಗಳ ಹನ್ನೆರಡು ಮನೆ ಬರೆಯಿರಿ. ಅಂಗಡಿಯಿಂದ ಅಕ್ಕಿ, ರಾಗಿ ಕೊಳ್ಳಬೇಕಾಗುವ ತಿಂಗಳಿಗೆ ಕಾಳು ಇಡಿ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವ ತಿಂಗಳಿಗೆ ಕಲ್ಲು, ಸ್ವಂತ ಹೊಲದ ಕೆಲಸ ಜಾಸ್ತಿ ಇರುವ ತಿಂಗಳಿಗೆ ಎಲೆ. ಆಮೇಲೆ ನಿರ್ಣಯ ಪುಸ್ತಕ ತೆರೆದು, ಕಳೆದ ವರ್ಷ ಸಂಘ ಯಾವ ಯಾವ ತಿಂಗಳಲ್ಲಿ ಸಾಲ ಕೊಟ್ಟಿತು, ಕಂತು ಯಾವಾಗ ಕೇಳಿತು ಎಂಬುದನ್ನು ಅದೇ ಹಾಳೆಯಲ್ಲಿ ಗುರುತು ಮಾಡಿರಿ. ಕಲ್ಲು, ಎಲೆ ಒಂದೇ ಮನೆಯಲ್ಲಿ ಬಿದ್ದ ಸದಸ್ಯರು ಎಷ್ಟು ಜನ? ಆ ತಿಂಗಳಿಗೆ ಮುಂಚೆ ಅವರಿಗೆ ಸಾಲ ಸಿಕ್ಕಿತ್ತೇ? ಅದೇ ತಿಂಗಳಲ್ಲಿ ಅವರಿಂದ ಕಂತು ವಸೂಲಿ ಆಗಿದೆಯೇ? ಜಮೀನು ಇಲ್ಲದ ಸದಸ್ಯರ ಹಾಳೆ ಬೇರೆಯಾಗಿ ಬರುತ್ತದೆ, ಅದನ್ನು ಬೇರೆಯಾಗಿಯೇ ಬರೆದುಕೊಳ್ಳಿ. ಹಾಳೆಯನ್ನು ಮಡಚಿ ನಿರ್ಣಯ ಪುಸ್ತಕದೊಳಗೆ ಇಟ್ಟು, ಮುಂಗಾರಿನ ಸಾಲದ ಅರ್ಜಿಗಳು ಬರುವ ಸಭೆಗೆ ತನ್ನಿರಿ.